ಸುಣ್ಣವಿಲ್ಲದ ಬೆಲ್ಲ

“ಹ್ಯಾಂಡಲ್ ತಿರುವಬ್ಯಾಡ! ಬಾಳು, ಕೈ ತಗಿ!”

ಆ ಕೂಗು ತನ್ನ ಬಾಯಿಂದಲೇ ಹೊರಟದ್ದೆಂದು ದೇವಕ್ಕನಿಗೆ ತಿಳಿದದ್ದು ಅದು ಹೊಳೆಯ ಆಚೆ ದಂಡೆಗೆ ತಾಗಿ ಮರಳಿ ಬಂದ ಮೇಲೆ. ಬೈಲಹೊಂಗಲದ ಹೆಣ್ಣುಮಕ್ಕಳ ಸಾಲೆಯಲ್ಲಿ ಮಗ್ಗಿ ಹೇಳಿಕೊಡುವಾಗ ಅವಳ ದನಿ ಹಿಂದೆ ಕುಳಿತ ಹುಡುಗಿಯರಿಗೂ ಮುಟ್ಟುತ್ತಿರಲಿಲ್ಲ. ಇಂದು ಮಲಪ್ರಭೆಯ ದಂಡೆಯಲ್ಲಿ, ಗಂಡಸರೆದುರು, ಹೀಗೆ ಕಿರುಚಿಬಿಟ್ಟಿದ್ದಳು.

ಮೋಟಾರಿನ ಮೂತಿಯ ಮುಂದೆ ಬಗ್ಗಿ, ಎಂಜಿನ್ನು ಎಬ್ಬಿಸುವ ಕಬ್ಬಿಣದ ಹ್ಯಾಂಡಲಿನ ಮೇಲೆ ಮೈಭಾರ ಹಾಕಲಿದ್ದ ಡ್ರೈವರ್ ಬಾಳು ಹಾಗೇ ಕತ್ತೆತ್ತಿದ.

“ಏನಾತ್ರಿ ಅಕ್ಕಾರ? ಹಾವು ಕಂಡ್ರೇನು?”

“ವಾಸನಿ... ಎಣ್ಣಿ ವಾಸನಿ ಬರಾಕ ಹತ್ತೈತಿ.”

“ಮೋಟಾರದಾಗ ಎಣ್ಣಿ ವಾಸನಿ ಬರದ ಮಲ್ಲಿಗಿ ವಾಸನಿ ಬರತೈತೇನ್ರಿ?” ಎಂದು ಬಾಳು ನಕ್ಕ. ನಗುತ್ತಲೇ ಮೂಗು ಅರಳಿಸಿದ. ಮರುಕ್ಷಣ ಅವನ ನಗು ಒಣಗಿಹೋಯಿತು. ಮುಂದಿನ ಗಾಲಿಯ ಹಿಂದೆ, ಒಣಮರಳಿನ ಮೇಲೆ, ಅಂಗೈಯಗಲದ ಒದ್ದೆ ಕಲೆಯೊಂದು ಮೆಲ್ಲಗೆ ಹಿಗ್ಗುತ್ತಿತ್ತು. ಅದು ಹೊಳೆಯ ನೀರಲ್ಲ. ನೀರಿಗೆ ನವಿಲುಗರಿಯ ಬಣ್ಣ ಬರುವುದಿಲ್ಲ.

ಹೊಳೆಯಿಂದ ಮೇಲೇರಿ ಬರುತ್ತಿದ್ದ ಸಾವಕಾರ ನಿಜಗುಣಪ್ಪನವರು ಒಂದು ಕೈಯಲ್ಲಿ ಧೋತರದ ಅಂಚು ಹಿಂಡುತ್ತಿದ್ದರು. ತುಟಿಯಲ್ಲಿ ಚುಟ್ಟಾ, ಇನ್ನೊಂದು ಕೈಯಲ್ಲಿ ಕಡ್ಡಿಪೆಟ್ಟಿಗೆ.

“ಸಾವ್ಕಾರ್ರ! ಕಡ್ಡಿ ಕೊರೀಬ್ಯಾಡ್ರಿ! ನಿಂತಲ್ಲೇ ನಿಂದರ್ರಿ!”

“ಯಾಕೋ? ನನ್ನ ಕಡ್ಡಿ, ನನ್ನ ಚುಟ್ಟಾ—”

“ನಿಮ್ಮ ಕಡ್ಡಿ ನಿಮ್ಮ ಚುಟ್ಟಾನ ಹೌದ್ರಿ. ಸುಡೂದು ಮಾತ್ರ ನಮ್ಮೆಲ್ಲಾರ ಮೈ!”

ನಿಜಗುಣಪ್ಪನವರ ಕೈಯಿಂದ ಕಡ್ಡಿಪೆಟ್ಟಿಗೆ ಒದ್ದೆ ಮರಳಿಗೆ ಬಿತ್ತು. ಅವರ ಹಿಂದೆ ಬರುತ್ತಿದ್ದ ಪೋಲೀಸ್ ಫೌಜದಾರ ಬಸಯ್ಯ ಅದನ್ನು ಬಗ್ಗಿ ಎತ್ತಿಕೊಂಡು, ತನ್ನ ಕಾಕಿ ಕೋಟಿನ ಕಿಸೆಗೆ ಹಾಕಿಕೊಂಡ.

ದೇವಕ್ಕ ಗಾಡಿಯಿಂದಿಳಿದಳು.

ಬೀರಪ್ಪನನ್ನು ನೇಣಿನಿಂದ ಉಳಿಸಬಲ್ಲ ಬಾಯಿ ಅವಳದೊಂದೇ. ಸಾವಕಾರರ ಅರಳೆ ಬಿಡಿಸುವ ಕಾರಖಾನೆಯಾದ ಜಿನ್ನಿನ ಪಾಲುದಾರ ರಾಯಪ್ಪ ಕೊಲೆಯಾದ ಹೊತ್ತಿನಲ್ಲಿ ಜಿನ್ನಿನ ಕಾವಲುಗಾರ ಬೀರಪ್ಪ ಸಾಲೆಯ ಬಾವಿಯಲ್ಲಿ ನೀರು ಸೇದುತ್ತ ಅವಳ ಕಣ್ಣೆದುರೇ ಇದ್ದ. ಇಂದು ಸವದತ್ತಿಯ ಮಾಮಲೇದಾರರ ಕಚೇರಿ ಮುಚ್ಚುವುದರೊಳಗೆ ಅವಳು ಆ ಮಾತು ಹೇಳದಿದ್ದರೆ ಅವನನ್ನು ಬೆಳಗಾವಿಯ ಜೇಲಿಗೆ ಸಾಗಿಸುತ್ತಾರೆ. ಅಲ್ಲಿಂದ ಮುಂದೆ ಹಗ್ಗ. ಅದಕ್ಕೆಂದೇ ಸವದತ್ತಿಯ ಫೌಜದಾರ ಬಸಯ್ಯ ತಾನೇ ನಿನ್ನೆ ಸಂಜೆ ಬೈಲಹೊಂಗಲಕ್ಕೆ ಬಂದು, ಜಿನ್ನಿನಲ್ಲಿ ವಸತಿಯಾಗಿ, ಮುಂಜಾನೆ ಅವಳನ್ನು ಸಾವಕಾರರ ಮೋಟಾರಿನಲ್ಲಿ ಕೂಡಿಸಿಕೊಂಡು ಹೊರಟಿದ್ದ. ಸಾವಕಾರರಿಗೂ ಅದೇ ಕಚೇರಿಯಲ್ಲಿ ಸಾಕ್ಷಿಯಿತ್ತು.

ಮುನವಳ್ಳಿಯ ಕೆಳಗೆ ಹೊಳೆಗೆ ಬಂದಾಗ ಸಣ್ಣದೊಂದು ಜಗಳವೇ ಆಗಿತ್ತು. ನೀರು ಮೊಣಕಾಲುದ್ದ ಇತ್ತು. “ಎಂಜಿನ್ ಬಂದ್ ಮಾಡಬ್ಯಾಡ, ಒಂದ ದಮ್ಮಿಗೆ ಹೊಡಿ, ಹೊತ್ತಾಗತೈತಿ” ಎಂದಿದ್ದ ಫೌಜದಾರ. ನಿಜಗುಣಪ್ಪನವರು ಕೇಳಲಿಲ್ಲ. “ಮಹಾಯುದ್ಧಕ್ಕಿಂತ ಮೊದಲಿನ ಗಾಡಿ ಸಾಹೇಬ್ರ, ನನ್ನಂಗ ಮುದುಕ ಆಗೈತಿ. ನೀರು ಕುಡದ್ರ ಇಲ್ಲೇ ಕುಂದರತೈತಿ” ಎಂದು ಹಟ ಹಿಡಿದು, ದಂಡೆಯಲ್ಲಿ ಬಾಡಿಗೆಗೆ ಗಾಡಿ ದಾಟಿಸುವ ಮುನವಳ್ಳಿಯ ಮುದಕಪ್ಪನ ಎತ್ತು ಕಟ್ಟಿಸಿದ್ದರು. ಎಂಜಿನ್ನು ಆರಿಸಿದ ಮೋಟಾರನ್ನು ಎತ್ತುಗಳು ಎಳೆದವು. ಗಂಡಸರು ಇಳಿದು ಹಿಂದೆ ನೀರಿನಲ್ಲಿ ನಡೆದರು. ಹೆಂಗಸು ಗಾಡಿಯಲ್ಲೇ ಕುಳಿತಿರಬೇಕು. ಪರಗಂಡಸರ ಮುಂದೆ ಸೀರೆ ಮೊಣಕಾಲಿಗೇರಿಸುವುದು ಈ ಸೀಮೆಯಲ್ಲಿ ಉಂಟೇ? ಹೀಗಾಗಿ ಹೊಳೆಯ ನಡುವೆ ಮೋಟಾರಿನಲ್ಲಿದ್ದವರು ಇಬ್ಬರೇ. ಚಕ್ರ ಹಿಡಿದ ಬಾಳು, ಹಿಂದೆ ದೇವಕ್ಕ.

ಬಾಳು ಮುಂದಿನ ಸೀಟು ಕಿತ್ತು ಮರಳಿಗೆ ಎಸೆದ. ಅದರ ಕೆಳಗೆ ತಗಡಿನ ಟಾಕಿ.

“ನೋಡ್ರಿ ಅಕ್ಕಾರ. ಇದು ಹೊಟ್ಟಿ. ಅಲ್ಲಿ ಎಂಜಿನ್ನಿನ ಹಂತ್ಯಾಕ ಹಿತ್ತಾಳಿ ಬಟ್ಟಲಾ ಐತಲ್ಲ, ಅದು ಬಾಯಿ. ನಡುವ ಈ ತಾಮ್ರದ ನಳಗಿ ಗಂಟಲು. ನಮ್ಮಂಗಲ್ಲ, ಇದರದು ಹೊಟ್ಟ್ಯಾಗಿಂದು ಬಾಯಿಗೆ ಹೋಗತೈತಿ.” ಅವನ ತಮಾಷೆಗೆ ಯಾರೂ ನಗಲಿಲ್ಲ. ಅವನೂ ನಗಲಿಲ್ಲ. “ಸೋರಿದ್ರ ಈ ಮೂರರಾಗ ಒಂದು ಸೋರಬೇಕು. ಬಟ್ಟಲದ ಮ್ಯಾಲ ನನಗ ಸಂಶೇ. ಒಳಗ ಬೂಚಿನ ತುಂಡು ತೇಲತಿರತೈತಿ, ಅದು ಸಿಕ್ಕಿ ಬಿದ್ರ ಎಣ್ಣಿ ಉಕ್ಕತೈತಿ.”

ಅವನು ಟಾಕಿಯ ಚಾವಿ ತಿರುವಿ ಎಣ್ಣೆ ನಿಲ್ಲಿಸಿ, ಬಟ್ಟಲು ಬಿಚ್ಚಿದ. ಬೂಚು ಸರಿಯಾಗಿತ್ತು. ಆದರೆ ಬಟ್ಟಲಿನ ತಳದಲ್ಲಿ, ಪೆಟ್ರೋಲಿನ ಕೆಳಗೆ, ಪಾದರಸದ ಹನಿಗಳ ಹಾಗೆ ದುಂಡಗೆ ಏನೋ ಓಡಾಡುತ್ತಿದ್ದವು.

“ನೀರು!” ಬಾಳು ಹುಬ್ಬುಗಂಟಿಕ್ಕಿದ. “ಹೊಳಿ ನೀರು ಅಚ್ಚಿನ ಮಟ ಬಂದಿತ್ತು. ಬಟ್ಟಲದ ಮಟ ಬಂದೇ ಇಲ್ಲ. ಮತ್ತ ಇದು ಹೆಂಗ ಒಳಗ ಬಂತು?”

ದೇವಕ್ಕನಿಗೆ ಉತ್ತರ ಹೊಳೆದಿತ್ತು. ಹೇಳಲೋ ಬೇಡವೋ ಎಂದು ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಗಂಟಲದಿಂದ ಬಂದಿರಬೇಕು,” ಎಂದಳು ಕೊನೆಗೆ. “ಎಣ್ಣಿ ಹೊರಗ ಬರೋ ದಾರ್ಯಾಗ ನೀರು ಒಳಗ ಹೋಗೇತಿ.”

ಫೌಜದಾರ ಥಟ್ಟನೆ ಅವಳ ಕಡೆ ನೋಡಿದ. “ಸಾಲಿ ಅಕ್ಕಾರು ಶಾಣ್ಯಾರು ಅದೀರಿ,” ಎಂದ. ಹೊಗಳಿಕೆಯೇ. ಆದರೂ ಅವಳು ಸೆರಗು ಹೊದ್ದು ಒಂದು ಹೆಜ್ಜೆ ಹಿಂದೆ ಸರಿದಳು.

ನಳಿಗೆ ಗಾಡಿಯ ಹೊಟ್ಟೆಯ ಕೆಳಗೆ ಹಾಯ್ದು ಹೋಗಿತ್ತು. ಮೈಯೆಲ್ಲ ಒದ್ದೆ, ಎಲ್ಲಿಂದ ಸೋರುತ್ತಿದೆಯೆಂದು ಕಣ್ಣಿಗೆ ಕಾಣುವಂತಿರಲಿಲ್ಲ. ಬಾಳು ಅಂಗಾತ ಮಲಗಿ ಅರಿವೆಯಿಂದ ಅದನ್ನು ಒರೆಸಿ ಒರೆಸಿ ಒಣಗಿಸಿದ. “ಸಾವ್ಕಾರ್ರ, ನಿಮ್ಮ ವಿಭೂತಿ ಗಟ್ಟಿ ಕೊಡ್ರಿ.”

“ವಿಭೂತಿ ಯಾಕಲೇ? ಮೋಟಾರಿಗೆ ಲಿಂಗದೀಕ್ಷಾ ಕೊಡಾವ ಇದ್ದೀ ಏನು?”

“ಕೊಡ್ರೆಪಾ, ಹೇಳತೇನಿ.”

ನಿಜಗುಣಪ್ಪನವರು ಚೀಲ ಬಿಚ್ಚಿ, ಬಿಳಿಯ ಗಟ್ಟಿಯನ್ನು ಕಣ್ಣಿಗೊತ್ತಿಕೊಂಡು ಕೊಟ್ಟರು. ಬಾಳು ಅದನ್ನು ಅಂಗೈಯಲ್ಲಿ ಪುಡಿ ಮಾಡಿ ನಳಿಗೆಯ ಉದ್ದಕ್ಕೂ ಉದುರಿಸಿದ. ತಾಮ್ರವೆಲ್ಲ ಬೆಳ್ಳಗಾಯಿತು. ಆಮೇಲೆ ಚಾವಿ ಬಿಟ್ಟ.

ಎಲ್ಲರೂ ಬಗ್ಗಿ ನೋಡುತ್ತ ನಿಂತರು. ಎತ್ತಿನ ಕೊರಳ ಗಂಟೆಯೂ ಸದ್ದು ನಿಲ್ಲಿಸಿದಂತಿತ್ತು. ನಳಿಗೆ ಮಣಿಯುವ ಜಾಗದಲ್ಲಿ, ಕೆಳಮಗ್ಗುಲಲ್ಲಿ, ಬಿಳುಪಿನ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದು ಹುಟ್ಟಿತು. ಅದು ಶೇಂಗಾ ಬೀಜದಷ್ಟಾಯಿತು. ಅದರ ತುದಿಯಲ್ಲಿ ಹನಿಗಟ್ಟಿತು. ಹನಿ ಕಳಚಿ ಬಿದ್ದದ್ದು ನೇರ ಕೆಳಗಿದ್ದ ಹೊಗೆ ಕೊಳವೆಯ ಮೇಲೆ. ಎಂಜಿನ್ನು ಓಡುವಾಗ ಒಲೆಯ ಮೇಲಿನ ಹಂಚಿನ ಹಾಗೆ ಕಾಯುವ ಕೊಳವೆ ಅದು.

ಬಾಳು ಆ ಜಾಗಕ್ಕೆ ಬೆರಳು ಸವರಿ, ಡ್ರೈವರರ ಚಾಳಿಯಂತೆ ನಾಲಗೆಗೆ ತಾಗಿಸಿಕೊಂಡ. ಥೂ ಎಂದು ಉಗುಳಿದ. ಆಮೇಲೆ ಮತ್ತೊಮ್ಮೆ ತಾಗಿಸಿಕೊಂಡ.

“ಸಿಹಿ ಐತಿ,” ಎಂದ.

“ಏನಂದಿ?”

“ಖರೇನ ಸಿಹಿ ಐತ್ರಿ. ಬೆಲ್ಲ!”

ದೇವಕ್ಕ ಮೊಣಕಾಲೂರಿ ನೋಡಿದಳು. ತೂತಿನ ಅಂಚಿಗೆ ಕಂದು ಬಣ್ಣದ ಅಂಟು ಉಳಿದಿತ್ತು. ಪೆಟ್ರೋಲಿನ ಘಾಟಿನ ಹಿಂದೆ ಎಲ್ಲೋ ಗಾಣದ ಮನೆಯ ವಾಸನೆ. ತೂತಿನ ಸುತ್ತ ಲೋಹ ಸವೆಸುವ ಕಾನಸಿನಿಂದ ತಿಕ್ಕಿದ ಗೆರೆಗಳು ಹೊಸ ಕಾಲುಂಗುರದ ಹಾಗೆ ಹೊಳೆಯುತ್ತಿದ್ದವು. ಕಲ್ಲು ಬಡಿದು ಆದ ತೂತಲ್ಲ ಅದು. ಯಾರೋ ಕೂತು, ಪುರುಸೊತ್ತಿನಿಂದ ಮಾಡಿದ್ದು.

ಬಾಳು ಗಾಡಿಯ ಕೆಳಗಿನಿಂದ ತೆವಳಿ ಬಂದು ಮರಳಿನಲ್ಲಿ ಕುಳಿತ.

“ಪೆಟ್ರೋಲಿನ್ಯಾಗ ಬೆಲ್ಲ ಕರಗಂಗಿಲ್ಲ. ಎಷ್ಟ ದಿನಾ ಬೇಕಾದ್ರೂ ತೂತು ಮುಚ್ಚಿಕೊಂಡು ಕುಂದರತೈತಿ. ನೀರು ತಾಗಿದ್ರ ಮಾತ್ರ ಕರಗತೈತಿ. ಬೈಲಹೊಂಗಲದಿಂದ ಹೊಳಿ ತನಕ ನೀರ ಇಲ್ಲ. ಹೊಳ್ಯಾಗ ಕರಗತೈತಿ, ದಂಡಿ ಏರೂದಕ್ಕ ಎಣ್ಣಿ ಸೋರತೈತಿ, ಕಾದ ಕೊಳವಿ ಮ್ಯಾಲ ಬೀಳತೈತಿ...” ಅವನು ಹೊಗೆ ಕೊಳವೆಯ ಕಡೆ ಕೈ ತೋರಿಸಿದ. “ಎತ್ತು ಕಟ್ಟಿದ್ವಿ ಅಂತ ಕೊಳವಿ ತಣ್ಣಗಿತ್ತು. ಇಲ್ಲಂದ್ರ ನಾನು, ಅಕ್ಕಾರು, ಇಬ್ಬರೂ ಹಿಡಿ ಬೂದಿ.”

ಗಂಡಸರು ಇಳಿಯುವ, ಹೆಂಗಸು ಕೂತೇ ಇರುವ ಜಾಗ. ದೇವಕ್ಕ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನೊಳಗೆ ಬೆಂಕಿಯೇ ಕಂಡಿತು. ಯಾರೋ ಅವಳ ನಾಚಿಕೆಯನ್ನೂ ಲೆಕ್ಕಕ್ಕೆ ಹಿಡಿದು ಈ ಕೆಲಸ ಮಾಡಿದ್ದರು.

“ಈ ಬೆಲ್ಲ ಮೆತ್ತಿದಾಂವ ನೀನ!” ನಿಜಗುಣಪ್ಪನವರು ಬಾಳುವಿನ ಮೇಲೆ ಹರಿಹಾಯ್ದರು. “ಸೋರೂದನ್ನ ಮುಚ್ಚಾಕ ಬೆಲ್ಲ ಮೆತ್ತೂದು ನಿನ್ನ ವಿದ್ಯಾ. ನನ್ನ ಮುಂದ ಮುಚ್ಚಿಟ್ಟಿದ್ದಿ.”

“ಸಾವ್ಕಾರ್ರ, ನಾ ಮೆತ್ತೂದು ಸುಣ್ಣ-ಬೆಲ್ಲ! ಸೋರೋ ಕೊಡಾ ಮುಚ್ಚಾಕ ನಿಮ್ಮ ಮನಿಯಾಗ ಹೆಣ್ಣಮಕ್ಕಳು ಏನ ಹಚ್ಚತಾರ? ಸುಣ್ಣ ಕೂಡಿದ್ರ ಬೆಲ್ಲ ಕಲ್ಲಾಗತೈತಿ, ನೀರಿಗೂ ಜಗ್ಗಂಗಿಲ್ಲ. ಬರೇ ಬೆಲ್ಲ ಮೆತ್ತಾಕ ನನಗೇನು ಹುಚ್ಚ ನಾಯಿ ಕಡದೈತಿ? ಹೊಳಿ ದಾಟೂದೈತಿ ಅಂತ ಗೊತ್ತಿದ್ದೂ?”

“ಅದ ನಾನೂ ಅನ್ನೂದು,” ಎಂದ ಫೌಜದಾರ ಮೆಲ್ಲಗೆ. “ಇದು ರಿಪೇರಿ ಮಾಡಿದಾಂವನ ಕೈ ಅಲ್ಲ. ಕೊಲ್ಲಾಕ ಹೊಂಟಾಂವನ ಕೈ. ಬಾಳು, ನಿನ್ನಿ ಸಂಜಿಗೆ ನಳಗಿ ಹೆಂಗಿತ್ತು?”

“ಒರಸಿ ಇಟ್ಟೇನ್ರಿ. ಒಂದು ಗೀರು ಇದ್ದಿಲ್ಲ.”

“ಅಂದ್ರ ರಾತ್ರಿ ಜಿನ್ನಿನ ಶೆಡ್ಡಿನ್ಯಾಗ ಆಗೇತಿ. ನೀ ನಿನ್ನ ಮನಿಗೆ ಹೋಗಿದ್ದಿ. ಸಾವ್ಕಾರ್ರು ಮನಿಗೆ ಹೋಗ್ಲಿಲ್ಲ. ಹೌದಲ್ರೀ?”

“ಅತಿಥಿ ಬಂದಾರ, ಒಬ್ಬರನ್ನ ಹೆಂಗ ಬಿಡೂದು ಅಂತ ನಿಮ್ಮ ಸಲುವಾಗಿನ ಅಲ್ಲೇ ಮಲಗಿದ್ದೆ!”

“ನನ್ನ ಸಲುವಾಗಿ.” ಫೌಜದಾರ ನಕ್ಕ. “ಚೀಲ ತೋರಸ್ರಿ.”

ಚೀಲದಲ್ಲಿ ಒಂದು ಶಾಲು, ಬುತ್ತಿ, ಎಲೆಯಡಿಕೆಯ ಸಂಚಿ, ಸುಣ್ಣದ ಡಬ್ಬಿ. ತಳದಲ್ಲಿ ಅರಿವೆಯೊಂದರಲ್ಲಿ ಸುತ್ತಿದ ಬೆಲ್ಲದ ಅಚ್ಚು. ಫೌಜದಾರ ಅದನ್ನು ಬಿಸಿಲಿಗೆ ಹಿಡಿದು ಹೊರಳಿಸಿದ. ಒಂದು ಮೂಲೆಯನ್ನು ಯಾರೋ ಚಾಕುವಿನಿಂದ ಕೆರೆದಿದ್ದರು.

“ಬೆಲ್ಲ ಯಾರ ಚೀಲದಾಗ ಇರಂಗಿಲ್ರೀ?” ನಿಜಗುಣಪ್ಪನವರ ದನಿ ಏರಿತು. “ಬಂದವರಿಗೆ ಬೆಲ್ಲ ನೀರು ಕೊಡೂದು ನಮ್ಮ ರೀತಿ. ನಿನ್ನಿ ನೀವು ಬಂದ ಕೂಡ್ಲೆ ಇದರಾಗಿಂದ ಒಡದು ಕೊಟ್ಟೇನಿ!”

“ಕೊಟ್ರಿ. ಒಡದು ಕೊಟ್ರಿ. ಕೆರದು ಕೊಡ್ಲಿಲ್ಲ.” ಫೌಜದಾರ ಒಂದು ಹೆಜ್ಜೆ ಮುಂದಿಟ್ಟ. “ರಾಯಪ್ಪ ಸತ್ತ ಮ್ಯಾಲ ಜಿನ್ನು ಯಾರದಾತು?”

ಸಾವಕಾರರು ಬೆಲ್ಲದ ಅಚ್ಚಿನ ಕಡೆ ಕೈ ಚಾಚಿದರು.

“ಬೀರಪ್ಪಗ ಗಲ್ಲು ಆದ್ರ ತನಿಖಿ ಮುಗೀತು. ಈ ಅಕ್ಕಾರು ಕಚೇರಿ ಮುಟ್ಟಿದ್ರ ಬೀರಪ್ಪ ಬಿಡಗಡಿ, ಮತ್ತ ‘ಹಂಗಾರ ಕೊಂದಾಂವ ಯಾರು’ ಅಂತ ಪ್ರಶ್ನಿ ಏಳತೈತಿ. ಆ ಪ್ರಶ್ನಿ ಏಳಬಾರ್ದು ಅಂತ ಯಾರಿಗೆ ಇರತೈತ್ರಿ ಸಾವ್ಕಾರ್ರ?”

“ಶಿವಾ! ರಾಯಪ್ಪ ನನಗ ತಮ್ಮನ ಜಾಗಾದಾಗ ಇದ್ದ!” ಸಾವಕಾರರ ಕಣ್ಣು ಅತ್ತಿತ್ತ ಓಡಿ ಕೊನೆಗೆ ದೇವಕ್ಕನ ಮೇಲೆ ನಿಂತಿತು. “ಅಕ್ಕಾರ, ನೀವರ ಒಂದು ಮಾತು ಹೇಳ್ರಿ. ನನ್ನ ಮಮ್ಮಕ್ಕಳಿಗೆ ಅಕ್ಷರ ಕಲಿಸಿದವರು ನೀವು. ನಾ ಇಂಥಾ ಕೆಲಸ ಮಾಡತೇನೇನು?”

ಏನೋ ತಪ್ಪಿದೆಯೆಂದು ಅವಳ ಮನಸ್ಸು ಬಡಿದುಕೊಳ್ಳುತ್ತಿತ್ತು. ಏನೆಂದು ಹಿಡಿಯಲು ಆಗಲಿಲ್ಲ. ಎಲ್ಲರ ಕಣ್ಣೂ ತನ್ನ ಮೇಲಿರುವಾಗ ಅವಳ ನಾಲಗೆ ಎಂದೂ ಏಳುತ್ತಿರಲಿಲ್ಲ, ಈಗಲೂ ಏಳಲಿಲ್ಲ. ಅವಳು ನೆಲ ನೋಡಿದಳು. ಸಾವಕಾರರಿಗೆ ಅದೇ ತೀರ್ಪಾಯಿತು.

ಫೌಜದಾರ ಅವರ ಶಾಲಿನಿಂದಲೇ ಅವರ ಕೈ ಕಟ್ಟಿಸಿ, ಮುದಕಪ್ಪನನ್ನು ಕರೆದ. “ಇವರನ್ನ ಹೊಳಿ ದಾಟಿಸಿ ಮುನವಳ್ಳಿ ಪೋಲೀಸ ಪಾಟೀಲನ ಕೈಯಾಗ ಕೊಡು. ನಾ ಬರೋತನಕ ಚಾವಡಿ ಬಿಡಿಸಬ್ಯಾಡ ಅನ್ನು.”

ಮುದಕಪ್ಪ ಅಂಜುತ್ತಂಜುತ್ತ ಅಂಥ ದೊಡ್ಡ ಸಾವಕಾರರನ್ನು ಎತ್ತಿನ ಹಿಂದೆ ನಡೆಸಿಕೊಂಡು ನೀರಿಗಿಳಿದ. ಹೊಳೆಯ ನಡುವೆ ನಿಜಗುಣಪ್ಪನವರು ಒಮ್ಮೆ ತಿರುಗಿ ನೋಡಿದರು.

“ಸಾಹೇಬ್ರ,” ಎಂದಳು ದೇವಕ್ಕ, ಅವರು ಆಚೆ ದಂಡೆ ಏರಿದ ಮೇಲೆ, “ಪಂಚನಾಮೆ... ಮಾಡಂಗಿಲ್ರೇನು? ಮುದಕಪ್ಪ ಇದ್ದ. ಪಂಚರು ಅಂತ...”

ಒಂದು ಕುರಿ ಕಳುವಾದರೂ ಪೋಲೀಸರು ಊರ ಮಂದಿಯನ್ನು ನಾಲ್ವರು ಕರೆದು, ಕಂಡದ್ದನ್ನು ಅವರ ಮುಂದೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಹೋಬಳಿಯ ಮಕ್ಕಳಿಗೂ ಗೊತ್ತು.

“ಹೊತ್ತು ಎಲ್ಲೈತ್ರಿ ಅಕ್ಕಾರ? ಕಚೇರಿ ಮುಚ್ಚಿದ್ರ ನಿಮ್ಮ ಬೀರಪ್ಪನ ಗತಿ?” ಎಂದು ಫೌಜದಾರ ಬೆಲ್ಲದ ಅಚ್ಚನ್ನು ಬಾಳುವಿನ ಮಡಿಲಿಗೆ ಎಸೆದ. “ತಗೋ. ಇದರಿಂದನ ಮುಚ್ಚು.”

ಬಾಳುವಿಗೆ ಬೇಕಾದದ್ದೂ ಅದೇ. ಸೀಟಿನ ಮೇಲೆ ಉಳಿದಿದ್ದ ಸಾವಕಾರರ ಡಬ್ಬಿಯಿಂದ ಸುಣ್ಣ ತೋಡಿ, ಬೆಲ್ಲದೊಡನೆ ಕಲ್ಲಿನ ಮೇಲೆ ಜಜ್ಜಿ ಜಜ್ಜಿ ಅರೆದ. ಅರೆದಷ್ಟೂ ಅದು ಬಿಸಿಯೇರಿ ಅಂಟಂಟಾಯಿತು. ಟಾಕಿಯ ಚಾವಿ ಬಿಗಿದು, ನಳಿಗೆಯನ್ನು ಎಣ್ಣೆಯ ಪಸೆಯಿಲ್ಲದಂತೆ ತಿಕ್ಕಿ, ತೂತಿಗೆ ಮುದ್ದೆ ತುರುಕಿ, ಸುತ್ತ ಮೆತ್ತಿದ. ತನ್ನ ರುಮಾಲಿನ ಅಂಚು ಹರಿದು ಪಟ್ಟಿ ಸುತ್ತಿದ. ಪಟ್ಟಿಯ ಮೇಲೆ ನೂಲು ಬಿಗಿದ. ಮುರಿದ ಕೈಗೆ ಕಟ್ಟು ಕಟ್ಟುವ ನಾಟಿ ವೈದ್ಯನ ಹಾಗೆ ನಿಧಾನ, ಬಾಯಲ್ಲಿ ಏನೋ ಗುನುಗು. ಬಿಸಿಲಿಗೆ ಅದು ಗಟ್ಟಿಯಾಗುವವರೆಗೆ ಕಾದು, ಮತ್ತೆ ವಿಭೂತಿ ಉದುರಿಸಿ, ಚಾವಿ ಬಿಟ್ಟ.

ಬಿಳುಪು ಬಿಳುಪಾಗಿಯೇ ಉಳಿಯಿತು.

“ಸವದತ್ತಿ ಏನು, ಬೆಳಗಾವಿ ಮುಟ್ಟತೈತಿ!” ಎಂದು ಬಾಳು ಎದ್ದು, ಹ್ಯಾಂಡಲ್ ತಿರುವಿದ. ದೇವಕ್ಕ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಮುದಿ ಎಂಜಿನ್ನು ಕೆಮ್ಮಿತು, ಸೀನಿತು, ಎದ್ದಿತು. ಬೆಂಕಿ ಏಳಲಿಲ್ಲ.

ಗಾಡಿ ಏರು ಹತ್ತಿತು. ಫೌಜದಾರ ಈಗ ಮುಂದೆ ಬಾಳುವಿನ ಪಕ್ಕ ಕುಳಿತಿದ್ದ. ಹಿಂದಿನ ಸೀಟಿನಲ್ಲಿ ಒಬ್ಬಳೇ ಆದ ದೇವಕ್ಕನ ಕಣ್ಣೆದುರಿಗೆ ಇದ್ದದ್ದು ಅವನ ಕುತ್ತಿಗೆ, ಅದರ ಮೇಲೆ ಬೆವರಿನ ಗೆರೆ. ಯಾರೂ ತನ್ನನ್ನು ನೋಡದಿರುವಾಗ ಅವಳ ತಲೆ ಚೆನ್ನಾಗಿ ಓಡುತ್ತಿತ್ತು. ಈಗ ಓಡಲಾರಂಭಿಸಿತು. ಬೇಡವೆಂದರೂ ನಿಲ್ಲಲಿಲ್ಲ.

ಬೆಲ್ಲ ಮೆತ್ತಿದವನು ನಿಜಗುಣಪ್ಪನವರೇ ಆಗಿದ್ದರೆ, ಹೊಳೆಯಲ್ಲಿ ಎಂಜಿನ್ನು ಬಿಸಿಯಾಗಿಯೇ ಇರಬೇಕು ಎಂದು ಬಯಸಬೇಕಿತ್ತು. ಹಟ ಹಿಡಿದು ಎತ್ತು ಕಟ್ಟಿಸಿದವರು ಅವರೇ.

ಸೋರುವ ಜಾಗ ಸಿಗಬಾರದೆಂದಿದ್ದರೆ, ತಮ್ಮ ಕೈಯಾರೆ ವಿಭೂತಿ ಕೊಡುತ್ತಿದ್ದರೇ?

ಎಂಜಿನ್ ಬಂದ್ ಮಾಡಬೇಡ, ಒಂದು ದಮ್ಮಿಗೆ ಹೊಡಿ ಎಂದವರು ಯಾರು?

ನಿನ್ನೆ ರಾತ್ರಿ ಜಿನ್ನಿನಲ್ಲಿ ಮಲಗಿದವರು ಇಬ್ಬರು. ಬೆಲ್ಲ ಕೈಗೆ ಸಿಕ್ಕಿದ್ದೂ ಇಬ್ಬರಿಗೆ. ಆದರೆ ಪೋಲೀಸರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಮತ್ತೆ ಆ ಬೆಲ್ಲದ ಅಚ್ಚು. ಕಚೇರಿಯ ಮೇಜಿನ ಮೇಲೆ ಇಡಬೇಕಾದ ಪುರಾವೆ ಈಗ ಸುಣ್ಣದಲ್ಲಿ ಕಲಸಿ, ರುಮಾಲಿನಲ್ಲಿ ಸುತ್ತಿ, ಗಾಡಿಯ ಕೆಳಗೆ ಕಲ್ಲಾಗುತ್ತಿತ್ತು. ಯಾವ ಫೌಜದಾರ ತನ್ನ ಕೈಯಿಂದ ಪುರಾವೆಯನ್ನು ಹೀಗೆ ಎಸೆದಾನು?

ಹೊಳೆಯ ದಂಡೆಯಲ್ಲಿ ತಾನು ಒಂದು ಮಾತು ಆಡಿದ್ದರೆ ಸಾವಕಾರರು ಈಗ ಪಕ್ಕದಲ್ಲಿರುತ್ತಿದ್ದರು. ಮುದಕಪ್ಪ ಇರುತ್ತಿದ್ದ. ಎತ್ತುಗಳಾದರೂ ಇರುತ್ತಿದ್ದವು.

ಗುಡ್ಡದ ತಿರುವು ದಾಟಿದಾಗ ದಾರಿ ಎರಡಾಯಿತು. ಬಲಕ್ಕೆ ಹೊಲಗಳಾಚೆ ಸವದತ್ತಿಯ ಕೋಟೆಯ ಗೋಡೆ ಬಿಸಿಲಿನಲ್ಲಿ ಮಿನುಗುತ್ತಿತ್ತು. ಎಡಕ್ಕೆ ರಾಮದುರ್ಗದ ಕಚ್ಚಾ ರಸ್ತೆ. ಕೂಡುವಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ಬಾರಿಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತ ಮುದುಕಿ ಕರೆವ್ವ.

“ನಿಲ್ಲಸು,” ಎಂದ ಫೌಜದಾರ. “ಎಂಜಿನ್ ಚಾಲೂ ಇರ್ಲಿ. ಕಟ್ಟು ಹೆಂಗೈತಿ ನೋಡು. ಈಗ ಬರತೇನಿ.” ಇಳಿದು ಜಾಲಿಯ ಪೊದೆಗಳ ಹಿಂದೆ ಹೋದ. ಬಾಳು ಗಾಡಿಯ ಕೆಳಗೆ ತಲೆ ಹಾಕಿದ.

ದೇವಕ್ಕ ಇಳಿದು ಮುದುಕಿಯ ಬಳಿ ಹೋದಳು. ಯಾರಾದರೊಬ್ಬ ಹೆಂಗಸಿನ ಹತ್ತಿರ ನಿಂತರೆ ಸಾಕೆನಿಸಿತ್ತು.

“ಬಾರವಾ ತಂಗೀ. ಯಾವೂರಾಕಿ? ಬೈಲಹೊಂಗಲದ ಸಾಲಿ ಅಕ್ಕೇನು ಮತ್ತ?”

“ಹೌದು... ನಿನಗ ಹೆಂಗ ಗೊತ್ತಾತು ಆಯಿ?”

“ಗೊತ್ತಾಗದ ಏನು! ಮುಂಜಾನಿಂದ ಬಸಯ್ಯ ಫೌಜದಾರ ಇಲ್ಲೇ ಗಿಡದ ಕೆಳಗ ಟಾಂಗಾ ಬಿಡಿಸಿಕೊಂಡು ಕುಂತಿದ್ದ. ಸಾಲಿ ಅಕ್ಕ ಬರತಾಳ, ಕರಕೊಂಡು ಹೋಗಬೇಕು ಅಂತ. ಪಾಪ, ನನ್ನ ಅರ್ಧಾ ಬುಟ್ಟಿ ತಿಂದ. ಬಿಸಲು ಏರಿತು, ಕುದರಿಗೆ ನೀರು ಕುಡಿಸಿಕೊಂಡು ಬರತೇನಿ ಅಂತ ಊರ ಕಡೆ ಹೋದ, ಈಗಿನ್ನ.”

ದೇವಕ್ಕ ಬುಟ್ಟಿಯ ಪಕ್ಕ ಬಗ್ಗಿದಳು. “ಯಾವ ಬಸಯ್ಯ?”

“ಸವದತ್ತ್ಯಾಗ ಎಷ್ಟ ಮಂದಿ ಫೌಜದಾರ್ರು ಇರತಾರವಾ? ಮಳಿಗಾಲ ಎಷ್ಟ ಕಂಡೇನಿ, ಅವನ್ನೂ ಅಷ್ಟ ಕಂಡೇನಿ. ನನ್ನ ಮಗ ಇದ್ದಂಗ.”

ಜಾಲಿಯ ಪೊದೆ ಅಲುಗಿತು. ಕಾಕಿ ಕೋಟು ಹೊರಬಂದಿತು. ಗುಂಡಿ ಹಾಕಿಕೊಳ್ಳುತ್ತ, ಆತುರವಿಲ್ಲದೆ, ಅವನು ಇತ್ತಲೇ ಬರುತ್ತಿದ್ದ. ಹಾಗಾದರೆ ಇವನು ಯಾರು? ಈ ಕೋಟು ಯಾರದು? ಬೈಲಹೊಂಗಲದಲ್ಲಿ ಬಸಯ್ಯನನ್ನು ಮೊದಲು ಕಂಡವರೇ ಇರಲಿಲ್ಲ, ಇವನು ಹೇಳಿದ ಹೆಸರನ್ನೇ ಎಲ್ಲರೂ ನಂಬಿದ್ದರು. ದೇವಕ್ಕ ಕೆಳದನಿಯಲ್ಲಿ, “ಆಯಿ, ಸುಮ್ಮನಿರು. ಏನೂ ಅನ್ನಬ್ಯಾಡ,” ಎಂದಳು.

“ಆಂ? ಏನಂದಿ? ಈ ಕಿವಿ ಕೇಳಸಂಗಿಲ್ಲವಾ, ಆ ಕಡೆ ಬಾ.”

“ಏನಂತಾಳ್ರಿ ಮುದುಕಿ?” ಅವನು ಬಂದು ನಿಂತಿದ್ದ.

“ಬಾರಿಹಣ್ಣು... ತಗೋ ಅಂತಾಳ್ರಿ.” ತನ್ನ ದನಿ ನಡುಗದಿದ್ದುದಕ್ಕೆ ಅವಳಿಗೇ ಆಶ್ಚರ್ಯವಾಯಿತು.

“ಅಯ್ಯ, ನಾ ಎಲ್ಲಿ ಹಂಗಂದೆ!” ಕರೆವ್ವ ಹೊಲಕ್ಕೆಲ್ಲ ಕೇಳುವ ಹಾಗೆ ನಕ್ಕಳು. “ಬಸಯ್ಯ ಫೌಜದಾರ ನಿನ್ನ ಹಾದಿ ಕಾದು ಕಾದು ಹೋದ ಅಂದೆ. ಇವರ್ಯಾರು, ಹೊಸಾ ಸಾಹೇಬ್ರೇನು?”

ಗಾಡಿಯ ಕೆಳಗೆ ಬಾಳುವಿನ ಕೈಯಲ್ಲಿದ್ದ ನಟ್ಟು ತಿರುವುವ ಪಾನಾ ಕಲ್ಲಿಗೆ ಬಿದ್ದ ಸದ್ದಾಯಿತು. ಅವನೂ ಕೇಳಿದ್ದ.

ಕಾಕಿ ಕೋಟಿನವನು ಮುದುಕಿಯನ್ನು ನೋಡಿದ. ದೇವಕ್ಕನನ್ನು ನೋಡಿದ. ಸವದತ್ತಿಯ ದಾರಿಯನ್ನು ಕಣ್ಣು ಕಿರಿದು ಮಾಡಿ ನೋಡಿದ. ಅಲ್ಲಿ ದೂಳು ಎದ್ದಿರಲಿಲ್ಲ. ಅವನು ಕೋಟಿನ ಒಳಗಿಸೆಗೆ ಕೈ ಹಾಕಿದ. ಆ ಕೈ ಹೊರಗೆ ಬರಲಿಲ್ಲ. ಅಲ್ಲೇ ನಿಂತಿತು.

“ಬಾಳು,” ಎಂದ ಮೃದುವಾಗಿ, “ಹೊರಗ ಬಾ. ಚಕ್ರ ಹಿಡಿ. ಶಾಣ್ಯಾ ಹುಡುಗ ನೀ, ನಿನಗ ಎರಡ ಸಲ ಹೇಳೂದು ಬೇಕಾಗಿಲ್ಲ.”

ಬಾಳು ಹೊರಬಂದ. ಕೈ ಒರೆಸಿಕೊಂಡು ಚಕ್ರದ ಹಿಂದೆ ಕುಳಿತ.

ಓಡಬೇಕು, ಎಂದುಕೊಂಡಳು ದೇವಕ್ಕ. ಸೀರೆ ಎತ್ತಿ ಕಟ್ಟಿ, ಯಾರು ನೋಡಿದರೂ ನೋಡಲಿ, ಹೊಲದ ನಡುವೆ ಹಾಯ್ದು ಕೋಟೆಯ ಕಡೆಗೆ. ಅವಳ ಬೆರಳು ಆಗಲೇ ನೆರಿಗೆ ಹಿಡಿದಿದ್ದವು.

ಅವನು ಅದನ್ನು ನೋಡಿದ. ನೋಡಿ, ಅವಳಿಗೆ ಏನೂ ಅನ್ನದೆ, ಮುದುಕಿಯ ಕಡೆ ಬಗ್ಗಿದ.

“ಆಯೀ, ಮೋಟಾರದಾಗ ಎಂದರ ಕುಂತೀ ಏನು?”

“ನಾನೆಲ್ಲಿ ಕುಂತೇನಪ್ಪಾ! ದೂರಿಂದ ನೋಡಿದ್ದ ಪುಣ್ಯ.”

“ಹಂಗಾರ ಬುಟ್ಟಿ ತಗೊಂಡು ಹತ್ತು. ಅಕ್ಕಾರಿಗೆ ಜೋಡಿ ಆಗತಿ.”

“ಖರೇನ? ಊರ ಬಾಕಲಕ್ಕ ಇಳಸತೀಯೇನು?”

“ಇಳಸತೇನಿ ಹತ್ತು.”

ದೇವಕ್ಕ ಬೇಡವೆಂದು ತಲೆಯಾಡಿಸಿದಳು. ಮುದುಕಿ ಅದನ್ನು ಕಾಣಲಿಲ್ಲ. ಬುಟ್ಟಿ ಸೊಂಟಕ್ಕೇರಿಸಿ, ಪಾವಟಿಗೆ ಮುಟ್ಟಿ ಹಣೆಗೊತ್ತಿಕೊಂಡು, ಮದುವಣಗಿತ್ತಿಯ ಹಾಗೆ ನಾಚಿ ನಗುತ್ತ ಹಿಂದಿನ ಸೀಟಿಗೆ ಏರಿಯೇಬಿಟ್ಟಳು. ಮೆತ್ತೆಯನ್ನು ಕೈಯಿಂದ ಒತ್ತಿ ನೋಡಿದಳು.

“ಹತ್ತವಾ ತಂಗೀ, ಹತ್ತು! ನಿನ್ನ ಪುಣ್ಯಾದಿಂದ ನನಗೂ ಮೋಟಾರ ಸವಾರಿ!”

ಚಾಚಿದ ಆ ಸುಕ್ಕುಗೈಯನ್ನು ಬಿಟ್ಟು ಓಡಲು ದೇವಕ್ಕನಿಂದಾಗಲಿಲ್ಲ. ನೆರಿಗೆ ಹಿಡಿದ ಬೆರಳು ಸಡಿಲವಾದವು. ಅವಳು ಹತ್ತಿದಳು.

ಮುಂದಿನ ಸೀಟಿನಲ್ಲಿ ಅವನು ಅರ್ಧ ತಿರುಗಿ ಕುಳಿತ, ಹಿಂದಿನವರಿಬ್ಬರೂ ಕಾಣುವ ಹಾಗೆ. ಬಾಳು ಚಕ್ರ ತಿರುವಿದ. ಗಾಡಿಯ ಮೂತಿ ಮೆಲ್ಲಗೆ ಎಡಕ್ಕೆ ಹೊರಳಿತು. ಆ ದಾರಿಯ ತುದಿಗೆ ರಾಮದುರ್ಗ ಸಂಸ್ಥಾನದ ಗಡಿ. ಅದರಾಚೆ ಏನಾಯಿತೆಂದು ಸವದತ್ತಿಯ ಯಾವ ಕಚೇರಿಯೂ ಕೇಳುವಂತಿಲ್ಲ.

“ಏ ಡ್ರೈವರಾ,” ಎಂದಳು ಕರೆವ್ವ, ಹಲ್ಲಿಲ್ಲದ ಬಾಯಲ್ಲಿ ಇನ್ನೂ ನಗು ತುಂಬಿಕೊಂಡು, “ಸವದತ್ತಿ ಬಲಕ್ಕಲ್ಲೇನೋ?”

ಮೋಟಾರು ಕಚ್ಚಾ ರಸ್ತೆಗಿಳಿದು ಓಡಿತು, ಸವದತ್ತಿಯ ಕೋಟೆ ಬೆನ್ನ ಹಿಂದಾಯಿತು.